ಪದಕಕ್ಕೂ ಮೊದಲು ಬೇಕಾದ ಆಸರೆ

ತುಂಗಭದ್ರೆಯ ದಡದ ಕೆಂಚನಗುಡ್ಡದಲ್ಲಿ ಕಟಾವು ಮುಗಿದ ಭತ್ತದ ಗದ್ದೆಯೇ ಮಕ್ಕಳ ಕಬಡ್ಡಿ ಅಂಕಣ. ಕೆಲವು ವರ್ಷಗಳ ಹಿಂದೆ ಮೂವರು ಹಿಡಿದೆಳೆದರೂ ಉಸಿರು ಬಿಡದೆ ನಡುಗೆರೆ ಮುಟ್ಟಿದ ಹುಡುಗಿಯೊಬ್ಬಳನ್ನು ನಾನು ಅಲ್ಲಿ ಕಂಡಿದ್ದೆ. ಮರುವರ್ಷ ವಿಚಾರಿಸಿದಾಗ ಆಕೆ ಹತ್ತನೇ ತರಗತಿಗೇ ಓದು ನಿಲ್ಲಿಸಿ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ಓದಿನೊಂದಿಗೆ ಆಟವೂ ನಿಂತಿತ್ತು.

ಹಳ್ಳಿಯ ಪ್ರತಿಭೆ ತಾನಾಗಿಯೇ ಮೇಲೇಳುತ್ತದೆ ಎಂಬುದು ನಮ್ಮ ಸಮಾಜಕ್ಕೆ ಅನುಕೂಲಕರವಾದ ನಂಬಿಕೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಅವರ ಕ್ರೀಡಾಜೀವನ ಅದನ್ನು ಅಲ್ಲಗಳೆಯುತ್ತದೆ. ಕೃಷಿ ಕುಟುಂಬದ ಈ ಹೆಣ್ಣುಮಗಳು ಮಂಗಳೂರಿನ ಕಾಲೇಜಿನಲ್ಲಿ ಆಡಿ ಬೆಳೆದರು. ದಕ್ಷಿಣ ಮಧ್ಯ ರೈಲ್ವೆಯ ಉದ್ಯೋಗ ಅವರಿಗೆ ಆಸರೆಯಾಯಿತು. ಮಹಿಳಾ ಕಬಡ್ಡಿ ಮೊದಲ ಬಾರಿ ಸೇರ್ಪಡೆಯಾದ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲೂ 2014ರ ಇಂಚೆನ್ ಕೂಟದಲ್ಲೂ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಟ್ನಾದಲ್ಲಿ ವಿಶ್ವಕಪ್ ಗೆದ್ದ ತಂಡಕ್ಕೆ ನಾಯಕಿಯಾದರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಈ ಸಾಧನೆಯ ಮೂಲದಲ್ಲಿ ಛಲವಿತ್ತು, ನಿಜ. ಆದರೆ ಛಲಕ್ಕೆ ಕಾಲೇಜೂ ಸಂಬಳವೂ ಜೊತೆಯಾಗಿದ್ದವು.

ಮೈಗೆ ಮೈ ತಾಗಿಸಿ ಎದುರಾಳಿಯನ್ನು ಉರುಳಿಸುವ ಇನ್ನೊಂದು ಆಟ ರಗ್ಬಿ. ಫ್ರಾನ್ಸ್ ತಂಡದ ಮುಂಪಡೆಯ ಆಟಗಾರ ಥಿಯೆರಿ ದುಸೊತ್ವಾರ್, 2007ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನು 20-18ರಿಂದ ಮಣಿಸಿದ ಪಂದ್ಯದಲ್ಲಿ 38 ಬಾರಿ ಎದುರಾಳಿಗಳನ್ನು ಹಿಡಿದು ಕೆಡವಿದ್ದರು. ನಾಯಕರಾಗಿ ತಂಡವನ್ನು 2011ರ ವಿಶ್ವಕಪ್ ಫೈನಲ್‌ಗೆ ಒಯ್ದರು. ಆ ವರ್ಷ ವಿಶ್ವದ ಶ್ರೇಷ್ಠ ಆಟಗಾರರೂ ಆದರು. ಅವರು ರಾಸಾಯನಿಕ ಎಂಜಿನಿಯರಿಂಗ್ ಪದವೀಧರರೂ ಹೌದು. ಮಂಡಿಯೋ ಭುಜವೋ ಯಾವ ದಿನ ಕೈಕೊಡುತ್ತದೆಂದು ತಿಳಿಯದ ಇಂಥ ಆಟಗಳಲ್ಲಿ ಓದು ಬದುಕಿನ ವಿಮೆಯೇ ಸರಿ.

ಪುರುಷರ ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಗಿ ಹಲವರ ಬದುಕು ಬದಲಿಸಿತು. ಅದರ ಜೊತೆಗೆ 2016ರಲ್ಲಿ ಮೂರು ತಂಡಗಳೊಂದಿಗೆ ನಡೆದ ಮಹಿಳೆಯರ ಪಂದ್ಯಾವಳಿ ಮಾತ್ರ ಒಂದೇ ಆವೃತ್ತಿಗೆ ನಿಂತಿತು. ಹೀಗಾಗಿ ಹೆಣ್ಣುಮಕ್ಕಳ ಪಾಲಿಗೆ ಸರ್ಕಾರಿ ನೌಕರಿಯೇ ಇಂದಿಗೂ ದೊಡ್ಡ ಭರವಸೆ. ಅಲ್ಲಿಗೆ ತಲುಪಲು ಓದು ಸಾಗಬೇಕು.

ಪದಕ ಬಂದ ಮೇಲೆ ಹಾರ, ಮೆರವಣಿಗೆ, ನಗದು ಘೋಷಣೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ಔದಾರ್ಯದ ಒಂದು ಪಾಲು ಹತ್ತನೇ ತರಗತಿಯ ಹೊಸ್ತಿಲಿಗೆ ಬರಲಿ. ಸಿರುಗುಪ್ಪದಂಥ ತಾಲ್ಲೂಕು ಕೇಂದ್ರದಲ್ಲಿ ಆಡುವ ಹುಡುಗಿಯರಿಗೆ ವಸತಿ, ಒಬ್ಬ ಮಹಿಳಾ ತರಬೇತುದಾರರು ಮತ್ತು ಮನೆಯವರು ಮಗಳ ಕೂಲಿಯನ್ನು ನೆಚ್ಚಿಕೊಳ್ಳದಷ್ಟು ವಿದ್ಯಾರ್ಥಿವೇತನ, ಇಷ್ಟನ್ನು ಕೇಳುವುದು ದುರಾಸೆಯಲ್ಲ.

ವಿಜಯನಗರದ ಕಾಲದಲ್ಲಿ ಕೆಂಚನಗುಡ್ಡದ ಬಳಿ ಅಣೆ ಕಟ್ಟಿದವರು ಹೊಳೆಯ ನೀರು ತಾನಾಗಿ ಗದ್ದೆಗೆ ಬರಲೆಂದು ಕಾಯಲಿಲ್ಲ, ಕಾಲುವೆ ತೋಡಿದರು.