ವ್ಯಾಯಾಮ ವ್ಯರ್ಥ ಎಂದವರಾರು?

ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರಿಗೆ ವ್ಯಾಯಾಮದಿಂದ ಏನೂ ಆಗದು, ಮಾತ್ರೆಯೇ ಗತಿ ಎಂಬ ಲೇಖನವೊಂದರ ವಾದ ತಪ್ಪು, ಅಪಾಯಕಾರಿ ಕೂಡ. ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರುವಾದ ಅಧ್ಯಯನ ನೋಡಿ: ವ್ಯಾಯಾಮವೊಂದನ್ನೇ ಹೆಚ್ಚಿಸಿಕೊಂಡ ಗುಂಪಿನಲ್ಲೂ ಆರು ವರ್ಷಗಳಲ್ಲಿ ಮಧುಮೇಹದ ಅಪಾಯ ಶೇ 46ರಷ್ಟು ತಗ್ಗಿತ್ತು. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಊಟದ ಹಿಡಿತ, ತೂಕ ಇಳಿಕೆ ಸೇರಿ ಆ ಅಪಾಯವನ್ನು ಶೇ 58ರಷ್ಟು ತಗ್ಗಿಸಿದವು. ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇ 31ರಷ್ಟು. ವ್ಯಾಯಾಮ ಕೆಲಸ ಮಾಡುವುದು ಹೀಗೆ: ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಆ ಲೇಖನ ಬರೆದವರು ಇದನ್ನು ಹೇಳಲೇ ಇಲ್ಲ. ನಡೆದರೂ ಸಕ್ಕರೆ ಇಳಿಯಲಿಲ್ಲ ಎನ್ನುವವರ ದಿನಚರಿ ಕೇಳಿ: ಬೆಳಗ್ಗೆ ಪಾರ್ಕಿನಲ್ಲಿ ಮಾತಾಡುತ್ತಾ ಎರಡು ಸುತ್ತು, ಆಮೇಲೆ ರಾತ್ರಿಯವರೆಗೂ ಕುರ್ಚಿ. ಇಂಥವರಿಗೆ ಬೇಕಾದದ್ದು ಇನ್ನಷ್ಟು ಚುರುಕಿನ ನಡಿಗೆ, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ. ಕೆಲವರಿಗೆ ಮಾತ್ರೆಯೂ ಬೇಕು, ನಿಜ. ಅದನ್ನು ವೈದ್ಯರು ನಿರ್ಧರಿಸಲಿ; ನಡೆಯುವವರನ್ನು ಯಾರೂ ಮನೆಯಲ್ಲಿ ಕೂರಿಸಬೇಡಿ.