ಮಾರ್ಜಾರ ಮಜ್ಜನ

ಸಂಸ್ಕೃತದಲ್ಲಿ ಬೆಕ್ಕಿಗೆ 'ಮಾರ್ಜಾರ'ವೆಂದು ಹೆಸರು. ಶುದ್ಧಿಮಾಡು ಎಂಬರ್ಥವುಳ್ಳ 'ಮೃಜ್' ಧಾತುವಿನಿಂದ ಹುಟ್ಟಿದ ಶಬ್ದವಿದು. ತನ್ನ ಮೈಯನ್ನು ತಾನೇ ಶುಚಿಮಾಡಿಕೊಳ್ಳುವ ಪ್ರಾಣಿಯೆಂದು ತಾತ್ಪರ್ಯವು. ಮೂವತ್ತು ವರ್ಷಕಾಲ ಈ ವ್ಯುತ್ಪತ್ತಿಯನ್ನು ಹುಡುಗರಿಗೆ ಹೇಳಿಕೊಟ್ಟ ನಾವು, ಬೆಕ್ಕಿಗೆ ಸ್ನಾನ ಮಾಡಿಸತಕ್ಕ ಪ್ರಸಂಗವೂ ಒದಗೀತೆಂದು ಎಣಿಸಿದವರಲ್ಲ. ಕಳೆದ ತಿಂಗಳು ಅದು ಒದಗಿತು. ವಾಚಕರ ಮನೆಗಳಲ್ಲಿಯೂ ಒದಗಬಹುದಾದುದರಿಂದ ಅದನ್ನಿಲ್ಲಿ ಅರಿಕೆ ಮಾಡುವೆವು.

ನಮ್ಮ ಮನೆಯ ಬೆಕ್ಕಿಗೆ ಈಗ ಒಂಬತ್ತು ವರ್ಷ. ನಮ್ಮ ಗೃಹಿಣಿಯು ಅದನ್ನು ಹಿತ್ತಲ ಸೌದೆಯ ರಾಶಿಯಿಂದ ಎತ್ತಿ ತಂದು ಸಾಕಿದಳು. ಆಕೆಯು ಗತಿಸಿ ಎರಡು ವರ್ಷಗಳಾದುವು. ಆಕೆ ಕುಳಿತುಕೊಳ್ಳುತ್ತಿದ್ದ ಮಣೆಯ ಮೇಲೆಯೇ ಬೆಕ್ಕು ಇಂದಿಗೂ ಮಲಗುವುದು. ನಮ್ಮ ಬಳಿಗೆ ಅದು ಬಂದುದಿಲ್ಲ, ನಾವೂ ಕರೆದುದಿಲ್ಲ.

ಒಂದು ದಿನ ನಮ್ಮ ಮಗನು ಮೋಟಾರು ಸೈಕಲ್ಲಿನ ಹಳೆಯ ಎಣ್ಣೆಯನ್ನು ಅಗಲವಾದ ತಟ್ಟೆಗೆ ಇಳಿಸಿ, ಮುಚ್ಚದೆ ಒಳಗೆ ಹೋದನು. ಇಲಿಯನ್ನು ಬೆನ್ನಟ್ಟಿ ಬಂದ ಬೆಕ್ಕು ಅದರೊಳಗೆ ಬಿದ್ದು, ಕಾಲಿನಿಂದ ಹೊಟ್ಟೆಯವರೆಗೆ ಕಪ್ಪಾಗಿ ಎದ್ದಿತು. "ಮಾರ್ಜಾರವಲ್ಲವೆ, ತಾನೇ ನೆಕ್ಕಿಕೊಳ್ಳಲಿ" ಎಂದೆವು. ನಮ್ಮ ಸೊಸೆಯು, "ನೆಕ್ಕಿದುದೆಲ್ಲ ಹೊಟ್ಟೆಗಲ್ಲವೆ ಹೋಗುವುದು, ಮಾವನವರೇ?" ಎಂದಳು. ನಮ್ಮ ವ್ಯಾಕರಣವು ಅಲ್ಲಿಗೆ ಮುಗಿಯಿತು.

ಸೊಸೆಯ ಮಾತು ದಿಟವಾಗಿದ್ದಿತು. ಬೆಕ್ಕಿನ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳುಂಟು. ಅವುಗಳ ತುದಿಯು ಟೊಳ್ಳಾಗಿದ್ದು, ಬಾಯಿಯ ಜೊಲ್ಲನ್ನು ರೋಮದ ಬುಡದವರೆಗೆ ಒಯ್ಯುವುವೆಂದು 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಇಂತಹ ಬಾಚಣಿಗೆಯುಳ್ಳ ಪ್ರಾಣಿಗೆ ಸಾಮಾನ್ಯವಾಗಿ ನಮ್ಮ ಸ್ನಾನವು ಬೇಡ. ಆದರೆ ಆ ಮುಳ್ಳುಗಳಿಗೆ ಅಂಟಿದುದನ್ನು ಅದು ಉಗುಳಲಾರದು, ನುಂಗಿಯೇ ತೀರಬೇಕು. ಹೀಗೆ ಯಾವ ಗುಣದಿಂದ ಅದಕ್ಕೆ ಹೆಸರು ಬಂದಿತೋ, ವಿಷವು ಮೈಗೆ ತಗುಲಿದಾಗ ಅದೇ ಗುಣವು ಪ್ರಾಣಕ್ಕೆ ಮುಳುವಾಗುವುದು.

ಕೂಡಲೆ ನಾವು ಸೀಮೆಎಣ್ಣೆಯ ಸೀಸೆಯನ್ನು ಹುಡುಕಹೋದೆವು. ಕೈಗಂಟಿದ ಜಿಡ್ಡನ್ನು ಅದರಿಂದಲೇ ತೆಗೆಯುವುದು ನಮ್ಮ ರೂಢಿ. ಸೊಸೆಯು ಅಷ್ಟರಲ್ಲಿ ಪಶುವೈದ್ಯರನ್ನು ಫೋನಿನಲ್ಲಿ ಕೇಳುತ್ತಿದ್ದಳು. ಸೀಮೆಎಣ್ಣೆ, ಟರ್ಪೆಂಟೈನ್ ಎರಡೂ ಬೆಕ್ಕಿಗೆ ವಿಷವೆಂದು ಅವರು ತಡೆದರು. ಫಿನಾಯಿಲೂ ಅಂತಹುದೇ, ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ವಾಂತಿ ಮಾಡಿಸಲೂ ಕೂಡದು, ಎಣ್ಣೆಯು ಶ್ವಾಸಕೋಶಕ್ಕೆ ಇಳಿದೀತು. ಮೊದಲು ನೆಕ್ಕದಂತೆ ಬಟ್ಟೆಯಲ್ಲಿ ಸುತ್ತಿ, ಜಿಡ್ಡನ್ನು ತೊಳೆದು ತಮ್ಮಲ್ಲಿಗೆ ಕರೆತರಬೇಕೆಂದರು.

ಮೊದಲ ಪ್ರಯತ್ನವು ನಮ್ಮದು. ಹಿಂದೆ ಮೊಂಡು ಹುಡುಗರನ್ನು ಹಿಡಿದಂತೆ ಅದನ್ನು ಬಲವಾಗಿ ಹಿಡಿದು, ಸುರಿಯುವ ನಲ್ಲಿಯ ಕೆಳಗೆ ಒಡ್ಡಿದೆವು. ಮುಂಗೈಯಲ್ಲಿ ಮೂರು ಗೀರುಗಳನ್ನು ಎಳೆದು, ಬೆಕ್ಕು ಅಕ್ಕಿಯ ಡಬ್ಬದ ಹಿಂದೆ ಅಡಗಿತು. ಅಲ್ಲಿಂದ ನಮ್ಮನ್ನು ನೋಡಿದ ಅದರ ನೋಟದಲ್ಲಿ ಕೋಪವಿರಲಿಲ್ಲ, ಬರಿಯ ಭಯವಿದ್ದಿತು. ಅಂತಹ ನೋಟವನ್ನು ನಾವು ಶಾಲೆಯಲ್ಲಿ ಹಲವು ಸಾರಿ ಕಂಡಿದ್ದೆವು. ಅದನ್ನು ಮೊಂಡುತನವೆಂದು ಓದಿದುದು ನಮ್ಮ ತಪ್ಪು.

ಎರಡನೆಯ ಸಾರಿ ಸೊಸೆಯು ಹೇಳಿದಂತೆ ನಡೆದೆವು. ಬಚ್ಚಲುಮನೆಯ ಬಾಗಿಲನ್ನು ಮುಚ್ಚಿದೆವು. ಕಾಲು ಜಾರಿದರೆ ಬೆಕ್ಕಿನ ಭಯವು ಇಮ್ಮಡಿಸುವುದಾದುದರಿಂದ ತೊಟ್ಟಿಯ ತಳಕ್ಕೆ ಹಳೆಯ ಟವೆಲನ್ನು ಹಾಸಿದೆವು. ನಾಲ್ಕು ಬೆರಳು ಎತ್ತರಕ್ಕೆ, ಮುಂಗೈಗೆ ಹಿತವಾದಷ್ಟು ಬಿಸಿನೀರು. ಬೆಕ್ಕಿನ ಮೈಶಾಖವೇ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ನಮಗೆ ಸಹಜವಾದ ತಣ್ಣೀರು ಅದಕ್ಕೆ ಕೊರೆಯುವುದು. ಜಿಡ್ಡಿನ ಮೇಲೆ ಮೊದಲು ಅಡುಗೆಯ ಎಣ್ಣೆಯನ್ನು ಸವರಿ ಬಟ್ಟೆಯಿಂದ ಒರಸಿದೆವು. ಅನಂತರ ಪಾತ್ರೆ ತೊಳೆಯುವ ದ್ರವವನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಸದ್ದಿಲ್ಲದೆ ಚೊಂಬಿನಿಂದ ಎರೆದು, ಜಾರುವಿಕೆ ಹೋಗುವವರೆಗೆ ತೊಳೆದೆವು. ಮುಖಕ್ಕೂ ಕಿವಿಗೂ ನೀರು ಬೀಳಬಾರದು. ಒದ್ದೆಬಟ್ಟೆಯಿಂದ ಒರಸಿದರೆ ಸಾಕು. ಸೊಸೆಯು ಹಿಡಿದಿದ್ದಳು, ನಾವು ಎರೆದೆವು. ಬೆಕ್ಕು ಕೂಗಿಕೊಂಡಿತಾದರೂ ಕಚ್ಚಲಿಲ್ಲ. ನಮ್ಮ ಗೃಹಿಣಿಯು ಅದನ್ನು ಕರೆಯುತ್ತಿದ್ದ ಹೆಸರನ್ನು ನಾವು ಅಂದು ಮೊದಲ ಸಾರಿ ಬಾಯಿಂದ ಆಡಿದೆವು.

ಒಣಗಿದ ಟವೆಲಿನಲ್ಲಿ ಬೆಚ್ಚಗೆ ಸುತ್ತಿ ವೈದ್ಯರಲ್ಲಿಗೆ ಒಯ್ದೆವು. ಹೆಚ್ಚು ನುಂಗಿಲ್ಲವೆಂದು ಹೇಳಿ, ವಾಂತಿ, ಕೆಮ್ಮು, ಮಂಕುತನ ಕಂಡರೆ ತಡಮಾಡದೆ ಬರಬೇಕೆಂದು ಎಚ್ಚರಿಸಿ ಕಳುಹಿದರು. ಗೀರುಬಿದ್ದ ನಮ್ಮ ಕೈಯನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ನಾವೂ ನಮ್ಮ ವೈದ್ಯರನ್ನು ಕಂಡೆವು. ಸಾಕಿದ ಬೆಕ್ಕೆಂದು ಇದನ್ನು ಯಾರೂ ಉದಾಸೀನ ಮಾಡಕೂಡದು.

ಮೂರು ದಿನ ಬೆಕ್ಕು ನಮ್ಮ ನೆರಳನ್ನು ಕಂಡರೂ ಎದ್ದು ಹೋಗುತ್ತಿದ್ದಿತು. ನಾಲ್ಕನೆಯ ದಿನ ಮಣೆಯ ಮೇಲಿದ್ದುದು ನಮ್ಮನ್ನು ಕಂಡು ಏಳಲಿಲ್ಲ. ನಾವು ನೆಲದ ಮೇಲೆ ಪಕ್ಕದಲ್ಲಿಯೇ ಕುಳಿತು ಪತ್ರಿಕೆಯನ್ನು ಓದಿದೆವು. ಅದು ತನ್ನ ಮುಂಗಾಲನ್ನು ನೆಕ್ಕಿ ಮುಖ ತೊಳೆದುಕೊಳ್ಳುತ್ತಿದ್ದಿತು. ತಟ್ಟೆಯನ್ನು ಮುಚ್ಚಿಡುವುದನ್ನು ನಮ್ಮ ಮಗನು ಕಲಿತಿದ್ದಾನೆ. ಅದು ಎಲ್ಲರ ಮನೆಗೂ ಒಳ್ಳೆಯದು.