ಕೂಸಿನ ಲೆಕ್ಕ ಕೂಸಿನ ಹಿಂದೆಯೇ ಹೋಗಲಿ

ಗಿರಣಿಗೆ ಐದು ನಿಮಿಷ ತಡವಾಗಿ ಬಂದವನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಗುರುತು ಬೀಳುತ್ತದೆ. ಅಂಗಡಿಯಲ್ಲಿ ಹತ್ತು ರೂಪಾಯಿಯ ಉದ್ರಿಯೂ ಖಾತೆಗೆ ಏರುತ್ತದೆ. ಹಣದ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟಾದ ನಮ್ಮ ಸಮಾಜ, ಬಡವನ ಕೂಸಿಗೆ ಯಾವ ಲಸಿಕೆ ಬಿದ್ದಿದೆ, ಯಾವುದು ಉಳಿದಿದೆ ಎಂಬ ಲೆಕ್ಕವನ್ನು ಬಹುಕಾಲ ಒಂದು ಕಾರ್ಡಿನ ಮೇಲೆ ಬಿಟ್ಟು ಕೈ ತೊಳೆದುಕೊಂಡಿತ್ತು.

ಸರ್ಕಾರಿ ಲಸಿಕೆಗಳು ಉಚಿತ, ನಿಜ. ಹುಟ್ಟಿದೊಡನೆ ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್ ಬಿ. 6, 10, 14ನೆಯ ವಾರಗಳಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದವುಗಳಿಗೆ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ಅದರ ಎರಡನೆಯ ಡೋಸು 16ರಿಂದ 24 ತಿಂಗಳೊಳಗೆ. ಆದರೆ ಈ ಎರಡು ವರ್ಷ ಕೂಲಿಯವರ ಸಂಸಾರ ಒಂದೇ ಊರಿನಲ್ಲಿ ನಿಲ್ಲುವುದುಂಟೆ? ಯಾದಗಿರಿಯಲ್ಲಿ ಹುಟ್ಟಿದ ಕೂಸು ಬೆಂಗಳೂರಿನಲ್ಲಿ ಕಟ್ಟಡದವರ ಶೆಡ್ಡಿನಲ್ಲಿ ಅಂಬೆಗಾಲಿಡುತ್ತದೆ. ತಾಯಿ ಕಾರ್ಡು ಊರ ಮನೆಯ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಹೊಸ ಊರಿನ ನರ್ಸಮ್ಮನಿಗೆ ಕೂಸಿನ ಗುರುತಿರುವುದಿಲ್ಲ. ದಡಾರ ಹರಡದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸು ಬೀಳಬೇಕೆಂದು ವೈದ್ಯರು ಹೇಳುತ್ತಾರೆ. ತಪ್ಪಿಹೋಗುವವರು ಯಾರ ಮಕ್ಕಳೆಂದು ಬಿಡಿಸಿ ಹೇಳಬೇಕೆ?

ಆದುದರಿಂದ ರಾಷ್ಟ್ರೀಯ ಲಸಿಕಾ ದಫ್ತರ ಬೇಕೇ ಬೇಕು. 2023ರ ಜನವರಿಯಲ್ಲಿ 65 ಜಿಲ್ಲೆಗಳಲ್ಲಿ ಪ್ರಯೋಗವಾಗಿ ತೊಡಗಿ, ಮುಂದೆ ಇತರ ಜಿಲ್ಲೆಗಳಿಗೆ ಹರಡಿದ ಯು-ವಿನ್ ಇದಕ್ಕೆಂದೇ ಆದ ಏರ್ಪಾಡು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಣ್ಣು ಮುಚ್ಚಿಕೊಂಡಲ್ಲ. 2021ರ ಮೇ ತಿಂಗಳಲ್ಲಿ, 18ರಿಂದ 44 ವಯಸ್ಸಿನವರು ಕೊರೋನಾ ಲಸಿಕೆಗೆ ಕೋವಿನ್‌ನಲ್ಲಿ ಮುಂಗಡ ಹೆಸರು ಬರೆಸಲೇಬೇಕೆಂದು ವಿಧಿಸಿದಾಗ, ಸ್ಮಾರ್ಟ್‌ಫೋನ್ ಉಳ್ಳವನು ಮುಂದೆ, ಇಲ್ಲದವನು ಹಿಂದೆ ಎಂದಾಯಿತು. ಸರ್ವೋಚ್ಚ ನ್ಯಾಯಾಲಯವೇ ಅದನ್ನು ಪ್ರಶ್ನಿಸಬೇಕಾಯಿತು. ದಫ್ತರ ಇರುವುದು ಕೂಸನ್ನು ಹುಡುಕುವುದಕ್ಕೆ, ಬಾಗಿಲಲ್ಲಿ ತಡೆಯುವುದಕ್ಕಲ್ಲ.

ನಮ್ಮ ಬೇಡಿಕೆಗಳು ನಾಲ್ಕು. ಒಂದು, ಆಧಾರ್ ಇಲ್ಲ, ಫೋನಿಲ್ಲ ಎಂದು ಯಾವ ಮಗುವನ್ನೂ ಹಿಂದಕ್ಕೆ ಕಳಿಸಕೂಡದು. ಮೊದಲು ಲಸಿಕೆ, ಬರಹ ಆಮೇಲೆ. ಎರಡು, ಖಾಸಗಿ ದವಾಖಾನೆಯಲ್ಲಿ ಹಣ ತೆತ್ತು ಹಾಕಿಸಿದ ಲಸಿಕೆಯೂ ಅದೇ ದಫ್ತರಕ್ಕೆ ಸೇರಬೇಕು. ಸಣ್ಣ ವ್ಯಾಪಾರಿಯ ಮಗು ಲೆಕ್ಕದಿಂದ ಹೊರಗುಳಿಯಬಾರದು. ಮೂರು, ಮಕ್ಕಳ ವಿವರ ಔಷಧ ಕಂಪನಿಗಳ, ವಿಮಾ ಕಂಪನಿಗಳ ಕೈ ಸೇರಬಾರದು. ಖಾಸಗಿತನ ಮೂಲಭೂತ ಹಕ್ಕೆಂದು ಅದೇ ನ್ಯಾಯಾಲಯ 2017ರಲ್ಲಿ ಸಾರಿದೆ. ನಾಲ್ಕು, ಬಿಸಿಲಲ್ಲಿ ಮನೆಮನೆ ತಿರುಗಿ ಕೂಸನ್ನು ಪತ್ತೆ ಹಚ್ಚುವ ಆಶಾ ಕಾರ್ಯಕರ್ತೆಗೆ ಗೌರವಧನವೆಂಬ ಹೆಸರಿನ ಪುಡಿಗಾಸು ಸಾಲದು, ಸಂಬಳ ಕೊಡಬೇಕು. 1975ರಲ್ಲಿ ಸಿಡುಬು ಈ ದೇಶ ಬಿಟ್ಟು ಹೋದದ್ದೂ, 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ಪೋಲಿಯೊ ಮುಕ್ತರೆಂದು ಸಾರಿದ್ದೂ ಹೀಗೆ ಮನೆಯಿಂದ ಮನೆಗೆ ನಡೆದವರ ದುಡಿಮೆಯಿಂದಲೇ. ಯಂತ್ರ ತಾನಾಗಿ ಯಾವ ಗುಡಿಸಲಿನ ಕದವನ್ನೂ ತಟ್ಟುವುದಿಲ್ಲ.

ಸರ್ಕಾರ ತಾನಾಗಿ ಎಚ್ಚರಗೊಳ್ಳಲೆಂದು ನಾವು ಕಾಯಬೇಕಾಗಿಲ್ಲ. ಕಾರ್ಮಿಕ ಸಂಘದವರೂ ವರ್ತಕರ ಸಂಘದವರೂ ತಮ್ಮ ತಮ್ಮ ಓಣಿಯ ಅಂಗನವಾಡಿಗೆ ಹೋಗಲಿ. ಹೊರ ಊರಿನಿಂದ ದುಡಿಯಲು ಬಂದವರ ಮಕ್ಕಳ ಹೆಸರು ಸೇರಿದೆಯೇ ಎಂದು ವಿಚಾರಿಸಲಿ. ಸೇರಿಲ್ಲವಾದರೆ, ಸೇರಿಸುವವರೆಗೂ ಕೇಳುವುದನ್ನು ಬಿಡದಿರಲಿ.